ಸೋಮಿಯ ಕೊಳೆತ ಗದ್ದೆಗೆ ಬಂದ ಸಿಗಡಿ

ಒಂದಾನೊಂದು ಕಾಲದಲ್ಲಿ, ನಮ್ಮ ಅಳಿವೆಗೆ ಇನ್ನೂ ಸೇತುವೆ ಇಲ್ಲದ ಕಾಲದಲ್ಲಿ, ಮಂಕಾಳಮ್ಮ ಅಂತ ಒಬ್ಬಳಿದ್ಲಂತೆ. ಕಾಲು ಒದೀಬೇಡ ಕೂಸೇ, ಕೇಳು. ಅವಳಿಗೆ ಮೂರು ಗಂಡುಮಕ್ಳು, ಮೂರು ಸೊಸೆಯಂದಿರು, ಮತ್ತೆ ಸಿಗಡಿಯ ಕೊಂಬಿನ ಹಾಗೆ ಚುಚ್ಚೋ ಒಂದು ನಾಲಿಗೆ. ಗಂಡುಮಕ್ಕಳ ವಿಷಯ ಬಿಡು, ಅವರು ಉಸಿರು ಬಿಡೋಕೂ ತಾಯಿಯ ಮುಖ ನೋಡ್ತಿದ್ರಂತೆ.

ಅವಳದ್ದು ಉಪ್ಪುನೀರು ಬಂದು ಹೋಗೋ ಗಜನಿ ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೀತಿದ್ರು, ಕೊಯ್ಲಾದ ಮೇಲೆ ತೂಬು ಎತ್ತಿ ಹೊಳೆನೀರು ಬಿಡ್ತಿದ್ರು, ಆಮೇಲೆ ಉಬ್ಬರದ ಜೊತೆ ಸಿಗಡಿಮರಿ ಒಳಗೆ ಬಂದು, ತಿಂದು ದಪ್ಪಗಾಗಿ, ಬಲೆಗೆ ಬೀಳ್ತಿದ್ವಂತೆ.

ಕಿರಿ ಸೊಸೆ ಸೋಮಿ ಬಡವರ ಮನೆಯವಳು, ತವರಿಂದ ಒಂದು ಹಿತ್ತಾಳೆ ಚೊಂಬೂ ತಂದಿರ್ಲಿಲ್ಲ. ಅವಳನ್ನ ಹೊರಗೆ ಹಾಕೋಕೆ ಅತ್ತೆಗೊಂದು ನೆಪ ಬೇಕಿತ್ತು. ಅದಕ್ಕೇ ಗದ್ದೆಗೆ ಕಟ್ಟೆ ಹಾಕಿಸಿ ಮೂರು ತುಂಡು ಮಾಡಿ, ಮೂವರಿಗೂ ಒಂದೊಂದು ಕೊಟ್ಟು, ಯಾರ ಬಲೆ ಖಾಲಿ ಬರುತ್ತೋ ಅವಳು ತವರಿಗೆ ನಡೀಬೇಕು, ಮತ್ತೆ ಈ ಹೊಸಿಲು ತುಳಿಯೋ ಹಾಗಿಲ್ಲ ಅಂದ್ಲಂತೆ.

ಹಿರೇ ಸೊಸೆ ತುಳಸುಗೆ ಚೊಕ್ಕಟದ ಹುಚ್ಚು. ನೆಂಟರು ಬರೋ ಮನೆ ಗುಡಿಸಿಡಬೇಕಲ್ವಾ ಅಂತ ಕೊಯ್ದ ಮೇಲೆ ಉಳಿದ ಭತ್ತದ ಕೂಳೆಯನ್ನೆಲ್ಲ ಬುಡಸಮೇತ ಕಿತ್ತು, ಪಾಚಿ ಬಾಚಿ, ನೀರನ್ನ ಕನ್ನಡಿ ಮಾಡಿದ್ಲಂತೆ. ಸಿಗಡಿಮರಿ ಬಂದ್ವು, ಮೀಸೆ ಆಡಿಸಿ ತಡಕಿದ್ವು, ಬಾಯಿಗೆ ಏನೂ ಸಿಗದೆ ಇಳಿತದ ನೀರಲ್ಲೇ ತಿರುಗಿ ಹೋದ್ವಂತೆ.

ನಡುವಿನವಳು ಬುದವಂತಿ. ಬುಧವಾರ ಹುಟ್ಟಿದ್ದಕ್ಕೆ ಆ ಹೆಸರು, ಬುದ್ಧಿ ಇದ್ದಿದ್ದಕ್ಕಲ್ಲ. ಅವಳು ಅತ್ತೆಯ ಕಣ್ಣು ತಪ್ಪಿಸಿ ಅನ್ನ, ವಡೆ, ಪಾಯಸ ಎಲ್ಲ ತಂದು ತಂದು ಸುರಿದ್ಲಂತೆ. ಆಮೇಲೆ ಅದು ಹುಳಿತು ಗುಳುಗುಳು ಅಂದು, ಸಿಗಡಿಗಳು ಉಸಿರು ಕಟ್ಟಿ ಮೇಲೆ ಬಂದು, ಸಿಕ್ಕ ಸಂದೀಲಿ ಓಡಿದ್ವಂತೆ.

ಸೋಮಿ? ತೆನೆ ಮಾತ್ರ ಕೊಯ್ದು ಕೂಳೆ ಹಾಗೇ ಬಿಟ್ಲು. ಅದು ನೀರಲ್ಲಿ ನಿಂತು ಕೊಳೀತು, ಪಾಚಿ ಹಿಡೀತು, ಹುಳ ಆಯ್ತು, ಆ ದಾರೀಲಿ ಹೋಗೋರೆಲ್ಲ ಮೂಗಿಗೆ ಸೆರಗು ಹಿಡಿದು ಸೋಮಾರಿ ಸೋಮಿ ಅಂತ ಉಗಿದ್ರಂತೆ. ಅದು ಸಾಲದು ಅಂತ ಇವಳು ಮುಸ್ಸಂಜೆಯಾದರೆ ಒಣಗರಿಯ ಸೂಡಿ ಹಚ್ಕೊಂಡು ಕಟ್ಟೆ ಮೇಲೆ ಒಬ್ಬಳೇ ಹೋಗಿ ಕೂರ್ತಿದ್ಲು. ಊರಿಗೆ ಇನ್ನೇನು ಬೇಕು? ಒಬ್ಳು ಆಚೆ ದಡದ ದೋಣಿಯವ ಬರ್ತಾನೆ ಅಂದ್ಲು, ಇನ್ನೊಬ್ಳು ಅಲ್ಲ, ಉಪ್ಪಿನ ವ್ಯಾಪಾರಿ ಅಂದ್ಲು, ಮೂರನೆಯವಳು ಇಬ್ಬರೂ ಅಂದ್ಲಂತೆ. ನಾನಿದ್ದಿದ್ರೆ ನಾನೂ ಒಂದು ಹೆಸರು ಸೇರಿಸ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಮಂಕಾಳಮ್ಮಂಗೆ ಹಾಲು ಕುಡಿದಷ್ಟು ಸಂತೋಷ. ಕೈಯಲ್ಲಿ ಪೊರಕೆ ಹಿಡಿದು, ಹಿಂದೆ ಇಬ್ಬರು ಸೊಸೆಯರನ್ನ ಕಟ್ಕೊಂಡು, ಕಾಂಡ್ಲ ಗಿಡದ ಮರೇಲಿ ಕೂತ್ಲಂತೆ. ಸೋಮಿ ನೀರಿಗೆ ಬಗ್ಗಿ ಮಾತಾಡ್ತಿದ್ಲು. ನಿಧಾನ ತಿನ್ನು ಮಾರಾಯಾ, ಯಾರೂ ಕಸ್ಕೊಳ್ಳಲ್ಲ. ಅಯ್ಯೋ, ಅಂಗಿ ಬಿಚ್ಚಿದೀಯಾ? ಹೊರಗೆ ಬರಬೇಡ, ಅಲ್ಲೇ ಅಡಗಿ ಕೂರು, ಕಂಡ್ರೆ ಬಿಡಲ್ಲ ನಿನ್ನ!

ಸಿಕ್ಕಿಬಿದ್ಲು ಅಂತ ಅತ್ತೆ ಹಾರಿದ್ಲು, ಕಾಲು ಜಾರಿ ಧಡ್ ಅಂತ ಕೆಸರಲ್ಲಿ ಕೂತೇಬಿಟ್ಲಂತೆ. ಗಂಡಸೂ ಇಲ್ಲ, ಗಾಳಿಯೂ ಇಲ್ಲ. ಸೂಡಿ ಬೆಳಕಿಗೆ ನೀರ ತುಂಬ ಕೆಂಡದ ಹಾಗೆ ಕಣ್ಣು, ಅಷ್ಟೂ ಸಿಗಡಿ! ಹಗಲೆಲ್ಲ ಕೆಸರಲ್ಲಿ ಹೂತಿದ್ದು ಕತ್ತಲಾಗ್ತಾ ಊಟಕ್ಕೆ ಎದ್ದಿದ್ವಂತೆ. ಅಕ್ಕಿಯ ಕಲ್ಲು ಆರಿಸೋ ಹಾಗೆ ಸಣ್ಣ ಕೈಯಲ್ಲಿ ಕೂಳೆ ಮೇಲಿನ ಪಾಚಿ, ಹುಳ, ಸತ್ತ ಏಡಿಯ ಚೂರು, ಎಲ್ಲ ಎತ್ತಿ ಎತ್ತಿ ಬಾಯಿಗೆ. ಆಮೇಲೆ ಮಂಕಾಳಮ್ಮನ ಒಡೆದ ಹಿಮ್ಮಡಿಯ ಸತ್ತ ಚರ್ಮಕ್ಕೂ ಕೈ ಹಾಕಿದ್ವಂತೆ.

ಥೂ, ಇಂಥ ಹೊಲಸು ತಿಂತಾವಾ ಇವು ಅಂತ ಅತ್ತೆ ಕಿರುಚಿದ್ಲು.

ಇವು ತಿನ್ನೋದು ಅದನ್ನೇ ಅತ್ತೇ, ನೀವು ಬೆರಳು ನೆಕ್ಕೋದು ಇವನ್ನೇ, ಅಂದ್ಲು ಸೋಮಿ. ಅಂಗಿ ಬಿಚ್ಚಿದ್ದು ಯಾರು ಅಂದ್ರೆ, ಬೆಳೆಯೋಕೆ ಚಿಪ್ಪು ಕಳಚಿದ ಒಂದು ಸಿಗಡಿ, ಮೆತ್ತಗೆ ಕೂಳೆ ಸಂದೀಲಿ ಅಡಗಿತ್ತು. ಮೆತ್ತಗಿದ್ದಾಗ ಕಂಡ್ರೆ ಅದರ ಜಾತಿಯವೇ ತಿಂದುಬಿಡ್ತಾವೆ, ಆ ಚಿಪ್ಪನ್ನೂ ಬಿಡಲ್ಲ ಅಂದ್ಲಂತೆ. ನಿಂಗೆ ಹೇಗೇ ಗೊತ್ತು ಇದೆಲ್ಲ ಅಂದ್ರೆ, ತವರಲ್ಲಿ ನಮಗೆ ಊಟ ಇಲ್ಲದ ದಿನ ಹೊಳೆ ದಡದಲ್ಲಿ ಕೂತು ಇವು ಉಣ್ಣೋದು ನೋಡ್ತಿದ್ದೆ ಅಂದ್ಲಂತೆ. ಮಂಕಾಳಮ್ಮನ ನಾಲಿಗೆ ಆವತ್ತೇ ಮೊದಲು ಹಲ್ಲಿನ ಒಳಗೆ ನಿಂತಿದ್ದು.

ಬೆಳಗಾಗಿ ಇಳಿತಕ್ಕೆ ಬಲೆ ಎತ್ತಿದ್ರೆ, ತುಳಸುದು ಖಾಲಿ, ಬುದವಂತಿದೂ ಖಾಲಿ, ಸೋಮಿ ಬಲೆ ಎತ್ತೋಕೆ ಮೂರೂ ಗಂಡುಮಕ್ಳು ಬೇಕಾದ್ರಂತೆ. ಮಾತಿನ ಪ್ರಕಾರ ದೊಡ್ಡ ಸೊಸೆಯರಿಬ್ಬರೂ ಗಂಟು ಕಟ್ಟಬೇಕಿತ್ತು. ಇಬ್ಬರೂ ಅಳ್ತಾ ನಿಂತಿದ್ರು. ನೀನೇ ಹೇಳಿಬಿಡು ಅಂತ ಅತ್ತೆ ಸೋಮಿಯ ಮುಖ ನೋಡಿದ್ಲು.

ಸೋಮಿ ಅಂದ್ಲಂತೆ, ಮೆತ್ತಗಾದವರನ್ನ ತಿನ್ನೋದು ಸಿಗಡಿ ಜಾತಿ ಅತ್ತೇ, ನಮ್ಮದು ಬೇರೆ. ಇವರು ಇಲ್ಲೇ ಇರ್ಲಿ, ಕಟ್ಟೆ ಒಡಿಸಿ, ಕೂಳೆ ಕೀಳೋದು ಬಿಡ್ಲಿ.

ಕಟ್ಟೆ ಒಡೆದು ಗದ್ದೆ ಒಂದಾಯ್ತು. ಆವತ್ತಿನ ಸಾರನ್ನ ಮೂವರು ಸೊಸೆಯರೂ ಒಂದೇ ಸಲ ಕೂತು ಉಂಡ್ರಂತೆ, ಬಡಿಸಿದ್ದು ಮಂಕಾಳಮ್ಮ. ಆ ದೋಣಿಯವನ ಸುದ್ದಿ ಮಾತ್ರ ಊರು ಆಮೇಲೂ ಬಹಳ ದಿನ ಮೆದ್ದಿತಂತೆ. ಊರಿನ ಬಾಯಿಗೂ ಕೊಳೆತದ್ದೇ ರುಚಿ ಕೂಸೇ, ನಿನ್ನ ಚಿಪ್ಪು ಗಟ್ಟಿ ಇದ್ರೆ ಸಾಕು.

ಕತೆ ಮುಗಿದು ಹೊಳೆಗೆ ಇಳೀತು, ನೀನು ಕಣ್ಣು ಮುಚ್ಚಿ ನಿದ್ದೆಗೆ ಇಳಿ.