ನಲವತ್ತೆರಡು ಮಂದಿ ನೋಡಿದ ಶನಿ

ಹೊಳೆದಂಡೆಯ ಆ ಆಶ್ರಮಕ್ಕೆ ತೀರ್ಥ ಪ್ರಸಾದಕ್ಕಿಂತ ಆಕಾಶ ನೋಡಲು ಬರುವವರೇ ಹೆಚ್ಚು. ಗುರು ಅಡವಯ್ಯಜ್ಜ ಕಲಿಸುತ್ತಿದ್ದದ್ದೇ ಅದನ್ನು.

ಎಂಬತ್ತರ ಹೊಸ್ತಿಲಲ್ಲಿ ಅಜ್ಜ ಒಂದು ದುರ್ಬೀನು ಕಟ್ಟಿದರು. ಅದರ ಕನ್ನಡಿ ಕೊಂಡು ತಂದದ್ದಲ್ಲ. ಅಜ್ಜ ಮತ್ತು ಅಡುಗೆಮನೆಯ ಕಾಶವ್ವ, ಇಬ್ಬರೇ, ಗಾಜಿನ ಮೇಲೆ ಗಾಜಿಟ್ಟು, ನಡುವೆ ಪುಡಿ ಉದುರಿಸಿ, ಏಳು ತಿಂಗಳು ತಿಕ್ಕಿ ಮಾಡಿದ್ದು.

ಕಾಶವ್ವನ ಅಂಗೈಯಲ್ಲಿ ಗುಳ್ಳೆ ಎದ್ದವು, ಒಡೆದವು, ಗಟ್ಟಿಯಾದವು. ಸುತ್ತಲಿನ ನಾಲ್ಕು ಜಿಲ್ಲೆಯಲ್ಲಿ ಅಂಥ ಕನ್ನಡಿ ಇರಲಿಲ್ಲ. ಹೇಳುವಾಗ ನನಗೇ ಎದೆ ಉಬ್ಬುತ್ತದೆ, ಇನ್ನು ತಿಕ್ಕಿದವರಿಗೆ ಎಷ್ಟಿರಬೇಡ!

ಉಳಿದದ್ದು ಐಪೀಸು ಒಂದೇ. ಅಂದರೆ ಕಣ್ಣಿಡುವ ಜಾಗಕ್ಕೆ ಕೂಡಿಸುವ ಪುಟ್ಟ ಗಾಜಿನ ಕೊಳವೆ. ಅದನ್ನು ಆರಿಸಿ ತರುವ ಕೆಲಸ ಶಿಷ್ಯ ಚಂಬಣ್ಣನಿಗೆ ಬಂತು.

"ನೀನ ಆರ್ಸು, ಊರ ಮಂದಿಗೆ ನೀನ ತೋರ್ಸು," ಎಂದರು ಅಜ್ಜ. "ಎಲ್ಲಾರಿಗೂ ಕಾಣ್ತು ಅಂದ್ರ ದುರ್ಬೀನಿನ ಕೋಣಿ ಕೀಲಿ ನಿನಗ."

ಎಂಟು ವರ್ಷ ಶಿಷ್ಯನಾಗಿದ್ದವನಿಗೆ ಅದಕ್ಕಿಂತ ದೊಡ್ಡ ಮಾತು ಬೇರೆ ಇರಲಿಲ್ಲ.

ಚಂಬಣ್ಣ ಶಹರಕ್ಕೆ ಹೋಗಿ ಒಂದು ಪೆಟ್ಟಿಗೆ ತುಂಬ ಸಾಮಾನು ತಂದ. ಸಣ್ಣ ದೊಡ್ಡ ಐಪೀಸುಗಳು, ಅವುಗಳ ಬಲವನ್ನು ಇಮ್ಮಡಿ ಮಾಡುವ ಇನ್ನೊಂದು ಕೊಳವೆ, ಬಣ್ಣ ಬಣ್ಣದ ಗಾಜು.

"ಇವೇನೋ, ಬಳಿಗಾರನ ಅಂಗಡಿ ಇದ್ದಂಗ ಐತಿ?"

"ಬಣ್ಣದ ಗಾಜು ರೀ ಅಜ್ಜಾರ. ಮಂಗಳ ಗ್ರಹಕ್ಕ ಕೆಂಪು, ಗುರುವಿಗೆ ನೀಲಿ."

"ಯಾವ ಗುರುವಿಗೆ? ನಾನಂತೂ ಕೇಳಿಲ್ಲ."

ಚಂಬಣ್ಣ ನಗಲಿಲ್ಲ. ಸಾಸಿವೆಯಷ್ಟು ತೂತಿದ್ದ ಒಂದು ಐಪೀಸನ್ನು ಬೆಳಕಿಗೆ ಹಿಡಿದ.

"ಇದನ್ನ ಆ ಇಮ್ಮಡಿ ಕೊಳವಿಗೆ ಹಾಕಿದ್ರ ಆರುನೂರು ಪಟ್ಟು ದೊಡ್ಡದಾಗಿ ಕಾಣ್ತೈತ್ರಿ. ಈ ಸೀಮ್ಯಾಗ ಯಾರ ಹತ್ರಾನೂ ಇಷ್ಟು ಇಲ್ಲ!"

ಅಜ್ಜ ಎದ್ದು, ಹತ್ತಿ ನೋಡುವ ಮಣೆಯನ್ನು ಒರೆಸಿ ದುರ್ಬೀನಿನ ಪಕ್ಕಕ್ಕಿಟ್ಟರು.

ಸಂಜೆ ಊರವರು ಸಾಲು ನಿಂತರು. ಅಂದು ತೋರಿಸುವುದು ಶನಿಗ್ರಹವನ್ನು, ಅದರ ಸುತ್ತಲಿನ ಬಳೆಯನ್ನು.

"ನೋಡಿದ್ರ ಕಾಟ ಏನೂ ಇಲ್ಲಲ್ಲ?" ಎಂದು ಒಬ್ಬ ಹಿಂದೆ ಸರಿದ.

"ಇಷ್ಟು ಮಂದಿ ನೋಡಿದ್ರ ಕಾಟ ಅವಗ, ನಿಮಗಲ್ಲ. ಬರ್ರಿ!" ಎಂದು ಚಂಬಣ್ಣ ಕರೆದ.

ಚಂಬಣ್ಣ ದುರ್ಬೀನಿನ ಪಕ್ಕಕ್ಕೇ ನಿಂತಿದ್ದ. ಒಬ್ಬೊಬ್ಬರಿಗೂ ಚಸ್ಮಾ ತೆಗೆಸಿದ. ಒಬ್ಬೊಬ್ಬರನ್ನೂ ಮುಖ ಅರಳಿಸಿ ಕೇಳಿದ.

"ಕಾಣ್ತಲ್ರೀ? ಬಳಿ ಕಾಣ್ತಲ್ಲ?"

"ಕಾಣ್ತು, ಕಾಣ್ತು. ಭಾಳ ಚಂದ ಐತಿ."

ಕಾಶವ್ವನೂ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಚಸ್ಮಾ ಕೈಯಲ್ಲಿ ಹಿಡಿದು ಬಗ್ಗಿದಳು. "ಚಂದ ಐತಪಾ" ಎಂದು ಒಳಗೆ ಹೋದಳು.

ಸಾಲು ಸರಸರ ಕರಗಿತು. ಚಂಬಣ್ಣನಿಗೆ ಮುಗಿಲು ಮೂರೇ ಗೇಣು.

"ಅಜ್ಜಾರ, ಅರ್ಧ ತಾಸಿನ್ಯಾಗ ನಲವತ್ತೆರಡು ಮಂದಿ! ಕಾಣ್ಲಿಲ್ಲ ಅಂದವರು ಒಬ್ಬರೂ ಇಲ್ರಿ."

"ಹೌದಾ? ನಾನೂ ನೋಡ್ತೀನಿ."

ಅಜ್ಜ ಮಣೆ ಹತ್ತಿ ಕಣ್ಣಿಟ್ಟರು.

"ಕಾಣ್ತಲ್ರೀ?"

"ಭಾಳ ಚಂದ ಐತಿ."

ಚಂಬಣ್ಣನ ಕಣ್ಣು ಅಜ್ಜನ ಉಡಿದಾರದಲ್ಲಿ ತೂಗುತ್ತಿದ್ದ ಕೀಲಿಕೈ ಮೇಲೆ ನಿಂತಿತು.

"ಈಗ ನೀ ನೋಡು," ಎಂದರು ಅಜ್ಜ.

ನೋಡಿದ. ಕಪ್ಪು. ಬರೀ ಕಪ್ಪು. ಸಂಜೆ ಶುರುವಿಗೆ ಒಮ್ಮೆ ಗುರಿ ಹಿಡಿದದ್ದು ಬಿಟ್ಟರೆ ಅವನು ಮತ್ತೆ ಕಣ್ಣಿಟ್ಟಿರಲೇ ಇಲ್ಲ. ಆರುನೂರು ಪಟ್ಟು ಹಿಗ್ಗಿಸಿದರೆ ಆಕಾಶದ ಓಟವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಶನಿ ಇಪ್ಪತ್ತು ಸೆಕೆಂಡಿಗೆ ಅಂಚು ದಾಟಿ ಹೋಗುತ್ತಾನೆ, ಬರುವವರು ಚಸ್ಮಾ ತೆಗೆದು ಬಗ್ಗುವುದರೊಳಗೆ ಜಾಗ ಖಾಲಿ.

"ಅಜ್ಜಾರ, ಇದರಾಗ ಏನೂ ಇಲ್ಲ! ಮತ್ತ ನೀವು ಚಂದ ಐತಿ ಅಂದ್ರಿ?"

"ನಾ ನಲವತ್ಮೂರನೇದವ," ಎಂದು ಅಜ್ಜ ಮಣೆ ಇಳಿದು ಮಲಗಲು ಹೋದರು. ಕೀಲಿಕೈಯೂ ಅವರ ಜೊತೆಗೇ ಹೋಯಿತು.

ಬೆಳಿಗ್ಗೆ ಚಂಬಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತ. ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ನಿನ್ನಿ ನಿನಗ ಏನ್ ಕಾಣ್ತು? ಖರೇ ಹೇಳು."

"ನನ್ನ ರೆಪ್ಪಿಗೂದಲ ಕಂಡ್ವು."

"ಮತ್ತ ಚಂದ ಐತಿ ಅಂದಿ?"

"ನೀ ಅಷ್ಟು ಹಿಗ್ಗಿಲೆ ಕೇಳಾಕತ್ತಿದ್ದಿ. ಇಲ್ಲ ಅಂದು ನಿನ್ನ ಮಾರಿ ಸಣ್ಣದು ಮಾಡ್ಲೇನು? ಚಸ್ಮಾ ತಗದ್ರ ನನಗ ನೀನೂ ಕಾಣಂಗಿಲ್ಲ."

ರೊಟ್ಟಿ ಮಗುಚಿ ಹಾಕಿ ಮೆಲ್ಲಗೆ ಅಂದಳು, "ಏಳು ತಿಂಗಳು ತಿಕ್ಕಿದ್ದು ನನ್ನ ರೆಪ್ಪಿ ನಾ ನೋಡ್ಕೊಳ್ಳಾಕ ಏನೋ ಅನಕೊಂಡೆ."

ಅವಳು ನಗುತ್ತಲೇ ಹೇಳಿದಳು. ಚಂಬಣ್ಣನಿಗೆ ಮಾತ್ರ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಪೆಟ್ಟಿಗೆ ಹೊತ್ತು ಅಜ್ಜನ ಮುಂದೆ ಕುಳಿತ.

"ಯಾವುದು ಹಾಕ್ಲಿ ರೀ ಅಜ್ಜಾರ?"

"ಯಾರ ಕಣ್ಣಿಗೆ?"

ಅಷ್ಟು ಹೇಳಿ ಅಜ್ಜ ಸ್ನಾನಕ್ಕೆ ಹೊಳೆಗೆ ಇಳಿದರು. ಈ ಗುರುಗಳದ್ದೆಲ್ಲ ಇದೇ ಗೋಳು, ಅರ್ಧ ಮಾತು ಹೇಳಿ ಉಳಿದರ್ಧ ನಮ್ಮ ತಲೆಗೆ ಕಟ್ಟುತ್ತಾರೆ.

ಚಂಬಣ್ಣ ಹಗಲಲ್ಲೇ ದುರ್ಬೀನನ್ನು ಆಚೆ ದಂಡೆಗೆ ತಿರುಗಿಸಿದ. ಕಾಶವ್ವನನ್ನು ಕರೆದು ಮಣೆ ಮೇಲೆ ನಿಲ್ಲಿಸಿದ. ಚಸ್ಮಾ ತೆಗೆಸಲಿಲ್ಲ. "ಕಾಣ್ತಲ್ಲ" ಎಂಬುದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡ.

"ಒಳಗ ಏನ್ ಐತಿ ಹೇಳು."

"ಕತ್ತಲಿ."

ಇನ್ನೊಂದು ಐಪೀಸು ಹಾಕಿದ.

"ನೀರಾಗ ಏನೋ ಅಲುಗ್ಯಾಡಿದಂಗ."

ಒಂದಾದ ಮೇಲೊಂದು ಸೋತವು. ಕೊನೆಗೆ ಉಳಿದದ್ದು ಅಂಗಡಿಯವನು ಪುಕ್ಕಟೆ ಕೊಟ್ಟಿದ್ದ ಒಂದು. ಚಂಬಣ್ಣ ಅದರ ಕಾಗದವನ್ನೂ ಬಿಚ್ಚಿರಲಿಲ್ಲ. ಹಿಗ್ಗಿಸುವುದು ಬರೀ ಐವತ್ತು ಪಟ್ಟು. ಆದರೆ ಬಾಯಿ ಅಗಲ, ಕಣ್ಣು ಒಂದು ಬೆರಳು ದೂರ ನಿಂತರೂ ನಡೆಯುತ್ತಿತ್ತು.

ಕಾಶವ್ವ ಚಸ್ಮಾ ಸಮೇತ ಬಗ್ಗಿದಳು.

"ಅಯ್ಯ! ಯಾರೋ ಹೆಣ್ಮಗಳು ಹಸರ ಸೀರಿ ಒಗ್ಯಾಕತ್ತಾಳ. ಕಾಲು ಮ್ಯಾಲ, ತಲಿ ಕೆಳಗ!"

"ಈ ದುರ್ಬೀನಿನ್ಯಾಗ ಎಲ್ಲಾ ತಲಿಕೆಳಗ ಕಾಣ್ತೈತಿ ಯವ್ವಾ."

"ಮದ್ಲ ಹೇಳಬಾರದ? ಪಾಪ, ಹೊಳಿಗೆ ಬಿದ್ದಾಳು ಅಂತ ಹೆದರಿದ್ದೆ."

ಅಂದು ಸಂಜೆ ಮತ್ತೆ ಸಾಲು ನಿಂತಿತು. ಮೊದಲು ಬಂದವರು ಊರಗೌಡರು.

"ಏನೋ ಇದು, ಜ್ವಾಳದ ಕಾಳಿನಷ್ಟು ಐತಿ? ನಿನ್ನಿ ಭಾರೀ ದೊಡ್ಡದಿತ್ತಲ್ಲ!"

"ಸಣ್ಣದ ಐತ್ರಿ ಗೌಡ್ರ," ಎಂದ ಚಂಬಣ್ಣ.

ಆದರೆ ಗೌಡರು ಮಣೆ ಬಿಟ್ಟು ಇಳಿಯಲಿಲ್ಲ.

"ಅಲೆಲೆ, ಸುತ್ತ ಬಳಿ ಖರೇನ ಐತ್ಯಲ್ಲೋ!"

ಚಂಬಣ್ಣ ಯಾರನ್ನೂ ಏನೂ ಕೇಳಲಿಲ್ಲ. ಒಬ್ಬರು ಇಳಿದೊಡನೆ ಗುರಿ ಸರಿಮಾಡಿ, ಮತ್ತೆ ಮೂರು ಹೆಜ್ಜೆ ದೂರ, ಕೈಕಟ್ಟಿ ನಿಂತ. ಅದು ಅವನಿಗೆ ಎಂಟು ವರ್ಷದ ಎಲ್ಲ ಪಾಠಕ್ಕಿಂತ ಕಷ್ಟವಾಯಿತು.

ಕಾಶವ್ವನ ಸರದಿ ಬಂತು. ನೋಡಿದಳು. ನೋಡುತ್ತಲೇ ಇದ್ದಳು.

"ಚಂಬಣ್ಣ, ಬಳಿಯಿಂದ ಒಂದೀಟು ಆಚೀಕಡೆ ಸಣ್ಣ ಚುಕ್ಕಿ ಐತಲ್ಲ, ಅದೇನು?"

ಚಂಬಣ್ಣ ಓಡಿಬಂದು ಕಣ್ಣಿಟ್ಟ. ಇತ್ತು. ಚೊಕ್ಕಾಗಿ, ತಣ್ಣಗೆ, ಒಂದೇ ಚುಕ್ಕಿ.

"ಅದು ಶನಿಯ ಚಂದ್ರ ಯವ್ವಾ. ಟೈಟನ್ ಅಂತಾರ. ನಿನ್ನಿ ಇದು ನನಗೂ ಕಂಡಿರ್ಲಿಲ್ಲ."

ಕಾಶವ್ವ ಚಸ್ಮಾ ಸರಿಮಾಡಿಕೊಂಡು ಸಾಲಿನತ್ತ ತಿರುಗಿದಳು. ತನ್ನ ಎರಡೂ ಅಂಗೈ ಎತ್ತಿ ತೋರಿಸಿದಳು.

"ಕೇಳ್ರಪಾ. ಇದರ ಕನ್ನಡಿ ತಿಕ್ಕಿದ್ದು ನಾನು."

ಯಾರೋ ಚಪ್ಪಾಳೆ ತಟ್ಟಿದರು. ಚಂಬಣ್ಣನೂ ತಟ್ಟಿದ. ಅವನು ತಂದಿದ್ದ ಆರುನೂರು ಪಟ್ಟು ಯಾವತ್ತೂ ಕೊಡದ ಹೆಮ್ಮೆ ಅದು.

ಅರ್ಧ ತಾಸು ಕಳೆಯಿತು. ನೋಡಿ ಮುಗಿಸಿದವರು ಒಂಬತ್ತೇ ಮಂದಿ. ಹತ್ತನೆಯವರಾಗಿ ಸಾಲಿನಲ್ಲಿ ನಿಂತಿದ್ದ ಅಜ್ಜ ಮಣೆ ಹತ್ತಿದರು.

ಬಗ್ಗಿದರು. ಉಸಿರು ನಿಧಾನವಾಯಿತು. ಚಂಬಣ್ಣ ತುಟಿ ಬಿಗಿಹಿಡಿದು ನಿಂತ. ಹಿಂದೆ ಜನ ಗುಸುಗುಸು ಅನ್ನತೊಡಗಿದರು, ಯಾರೋ ಕೆಮ್ಮಿದರು.

ಕಣ್ಣು ತೆಗೆಯದೆಯೇ ಅಜ್ಜ ಒಂದು ಕೈಯಿಂದ ಉಡಿದಾರ ತಡಕಿ, ಕೀಲಿಕೈ ಬಿಚ್ಚಿ, ಹಿಂದಕ್ಕೆ ಚಾಚಿದರು. ಚಂಬಣ್ಣ ಎರಡೂ ಕೈಯೊಡ್ಡಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ.

ಅಜ್ಜ ಇನ್ನೂ ನೋಡುತ್ತಲೇ ಇದ್ದರು.

"ಅಜ್ಜಾರ," ಎಂದ ಅವನು ಮೆಲ್ಲಗೆ, "ಹಿಂದ ಇನ್ನೂ ಮೂವತ್ತು ಮಂದಿ ನಿಂತಾರ್ರಿ."

"ನಿಂದರ್ಲಿ ಬಿಡೋ. ನನಗ ಕಾಣಾಕತ್ತೈತಿ."