ಚಿನ್ನದ ನೂಲಿನ ಹರಕು ಸೀರೆ

ಹ್ಞೂಂ, ಕಾಲು ಚಾಚ್ಕೊ. ಆ ಕಡೆ ಅಲ್ಲ ಕಣೇ, ಅದು ನನ್ನ ನೋವಿನ ಮಂಡಿ, ಒದ್ದುಬಿಟ್ಟೀಯ. ಕಣ್ಣು ಮುಚ್ಚು. ನಡುವೆ ಎದ್ದು ನೀರು ಬೇಕು, ಉಚ್ಚೆ ಬಂತು ಅಂದ್ಯೋ, ಅಲ್ಲಿಗೇ ನಿಲ್ಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಿದ್ದಿರದಂಥ ಕಾಲದಲ್ಲಿ, ಒಂದು ಪಟ್ಣ ಇತ್ತಂತೆ. ಆ ಪಟ್ಣದಲ್ಲಿ ಒಬ್ಬ ರೇಷ್ಮೆ ಶೆಟ್ಟಿ, ಅವನ ಹೆಂಡ್ತಿ ಹೊನ್ನಾಜಮ್ಮ. ಪೆಟ್ಟಿಗೆ ತುಂಬಾ ಸೀರೆ, ಇವತ್ತು ಉಟ್ಟಿದ್ದನ್ನ ನಾಳೆ ಉಡೋಳಲ್ವಂತೆ. ಬಟ್ಟೆ ಯಾಪಾರದ ಮನೆ ನೋಡು, ಅವ್ರಿಗೆ ಲೋಕವೆಲ್ಲಾ ಬಟ್ಟೇಲೇ ಇರೋದು. ಯಾರಾದ್ರೂ ಒಳ್ಳೇವ್ರು ಅಂದ್ರೆ, ಏನು ಉಟ್ಟಿದ್ರು ಅಂತ ಕೇಳೋಳಂತೆ. ಎಲ್ಲಾ ಇತ್ತು, ಮಗು ಒಂದಿರ್ಲಿಲ್ಲ. ಮದ್ವೆ ಆಗಿ ಹನ್ನೆರಡು ವರ್ಷ, ಮಡಿಲು ಬರಿದು.

ಆ ಮನೆ ಹಿತ್ತಲಲ್ಲಿ ಭತ್ತ ಕುಟ್ಟೋಕೆ ದ್ಯಾವಕ್ಕ ಅಂತ ಒಬ್ಳು ಬರೋಳಂತೆ. ಬಡವಿ, ಐದು ಮಕ್ಳ ತಾಯಿ, ಇದ್ದದ್ದು ಒಂದೇ ಸೀರೆ. ರಾತ್ರಿ ಗಂಡನ ಪಂಚೆ ಸುತ್ಕೊಂಡು ಅದನ್ನ ಒಗ್ದು ಹಾಕೋದು, ಬೆಳಿಗ್ಗೆ ಅದನ್ನೇ ಉಟ್ಕೊಂಡು ಬರೋದು. ಮೊದ್ಲು ಯಾವ ಬಣ್ಣ ಇತ್ತೋ ದೇವರಿಗೇ ಗೊತ್ತು, ತೇಪೆ ಮೇಲೆ ತೇಪೆ. ಆದ್ರೆ ಒಂದು ಮಾತು, ಕೇರಿ ಮಕ್ಳೆಲ್ಲಾ ಅವಳ ಹಿಂದೇನೇ. ಒನಕೆ ಪಕ್ಕಕ್ಕಿಟ್ಟು ಒಂದು ಗಳಿಗೆ ಕೂತ್ಲೋ ಇಲ್ವೋ, ಯಾವ್ದೋ ಮಗು ಬಂದು ತೊಡೆ ಮೇಲೆ ಬಿದ್ಕೊಂಡು, ಸೆರಗು ಮುಖಕ್ಕೆ ಎಳ್ಕೊಂಡು, ಗೊರಕೆ.

ಹೊನ್ನಾಜಮ್ಮ ಕಿಟಕೀಲಿ ನಿಂತು ಇದನ್ನ ನೋಡ್ತಿದ್ಲಂತೆ. ಪಕ್ಕದ್ಮನೆ ಮಗೂನ ಬಾ ಅಂತ ಕರ್ದು ಕೊಬ್ಬರಿ ಮಿಠಾಯಿ ಕೊಟ್ರೆ, ಮಿಠಾಯಿ ತಿಂದಾದ್ಮೇಲೆ ಸುರ್ ಅಂತ ರೇಷ್ಮೆ ಮೇಲಿಂದ ಜಾರಿ ದ್ಯಾವಕ್ಕನ ಹತ್ರ ಓಡಿಹೋಗೋದಂತೆ. ಏನಿದೆ ಅವಳಲ್ಲಿ, ನನ್ನಲ್ಲಿ ಇಲ್ಲದ್ದು ಅಂತ ಹೊನ್ನಾಜಮ್ಮ ರಾತ್ರಿಯೆಲ್ಲಾ ಯೋಚ್ನೆ ಮಾಡಿ, ಬೆಳಗಾಗೋ ಹೊತ್ಗೆ ಗೊತ್ತಾಯ್ತಂತೆ. ಸೀರೆ! ಆ ಹಳೇ ಸೀರೇಲೇ ಏನೋ ಇದೆ. ಅವಳ ಹತ್ರ ಇರೋವಂಥ ಹಳೇದು ನನ್ನ ಹತ್ರ ಇಲ್ವಲ್ಲಾ!

ನಗಬೇಡ. ಹೊಟ್ಟೆಕಿಚ್ಚು ಬಂದಾಗ ಬುದ್ಧಿ ಹಂಗೇ ಓಡೋದು. ನಂದೇನು ಕಮ್ಮೀನಾ? ನಿಮ್ಮ ಚಿಕ್ಕಜ್ಜಿ ಹೊಸ ಮೂಗುಬೊಟ್ಟು ಹಾಕ್ಕೊಂಡು ಬಂದಾಗ ನಾನು ಎರಡು ದಿನ ತಲೆನೋವು ಅಂತ ಮುಸುಕು ಹಾಕ್ಕೊಂಡು ಮಲ್ಗಿದ್ದೆ. ಯಾರಿಗೂ ಹೇಳ್ಬೇಡ.

ಆಮೇಲೆ ಹೊನ್ನಾಜಮ್ಮ ನೇಕಾರನ್ನ ಕರೆಸಿದ್ಲಂತೆ. ಒಳ್ಳೇ ರೇಷ್ಮೇಲಿ ನಂಗೊಂದು ಸೀರೆ ಬೇಕು, ಆದ್ರೆ ನೋಡಿದ್ರೆ ಹತ್ತು ವರ್ಷ ಉಟ್ಟಂಗೆ ಬಣ್ಣ ಸತ್ತಿರ್ಬೇಕು ಅಂದ್ಲಂತೆ. ಆ ನೇಕಾರ, ತಾಯೀ, ಹೊಸದನ್ನ ಹೊಳಿಯಂಗೆ ಮಾಡೋಕೆ ನಂಗೆ ಗೊತ್ತು, ಸತ್ತಂಗೆ ಮಾಡೋದು ನಮ್ಮಪ್ಪನೂ ಕಲಿಸ್ಲಿಲ್ಲ ಅಂದ್ನಂತೆ. ಕಲ್ತ್ಕೊ ಅಂದ್ಲಂತೆ. ಅವನು ದಾಳಿಂಬೆ ಸಿಪ್ಪೆ, ಕೆರೆ ಮಣ್ಣು ಎಲ್ಲಾ ಹಾಕಿ ಬೇಯ್ಸಿ ಕೆಸರು ಬಣ್ಣದ ಸೀರೆ ನೇಯ್ಕೊಟ್ಟ. ಉಟ್ಕೊಂಡು ಜಗಲೀಲಿ ಕೂತ್ಲು. ಮಗು ಬಂತು, ಮಿಠಾಯಿ ತಿಂತು, ಜಾರ್ಕೊಂಡು ಹೋಯ್ತು.

ಆಮೇಲೆ, ಬಣ್ಣ ಸಾಲ್ದು, ತೂತಾಗ್ಬೇಕು ಅಂತ ಹೊಳೀತಂತೆ. ಕತ್ತರೀಲಿ ಕತ್ತರಿಸಿದ್ರೆ ಕತ್ತರಿಸಿದ್ದು ಅಂತ ಗೊತ್ತಾಗುತ್ತಲ್ಲ, ಅದಕ್ಕೆ ಇಲಿ ಹಿಡಿಸಿ, ಸೀರೆಗೆ ತುಪ್ಪ ಸವರಿ, ಇಲಿಗಳ ಜೊತೆ ಪೆಟ್ಟಿಗೇಲಿ ಹಾಕಿದ್ಲಂತೆ! ಇಲಿ ಕಡಿದ ತೂತಿನ ಅಂಚು ಬಿಚ್ಚಿ ಹೋಗ್ಬಾರ್ದು ಅಂತ ಸುತ್ತಾ ಚಿನ್ನದ ನೂಲಲ್ಲಿ ಹೊಲಿಸಿದ್ಲಂತೆ. ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋದು ಇದಕ್ಕೇ. ಮಗು ತೊಡೆ ಹತ್ತೋವಾಗ ಕಾಲ್ಬೆರಳು ಆ ಚಿನ್ನದ ನೂಲಿಗೆ ಸಿಕ್ಕಾಕ್ಕೊಂಡು ಕಿಟಾರನೆ ಕಿರುಚ್ತು. ದ್ಯಾವಕ್ಕ ಒನಕೆ ಬಿಟ್ಟು ಓಡ್ಬಂದು ಬೆರಳು ಬಿಡಿಸ್ಬೇಕಾಯ್ತು. ಆ ಮಗು ದ್ಯಾವಕ್ಕನ ಸೆರಗಲ್ಲೇ ಮೂಗು ಒರೆಸ್ಕೊಂಡು ಅಲ್ಲೇ ನಿದ್ದೆ ಹೋಯ್ತಲ್ಲಾ, ಅದನ್ನ ನೋಡಿ ಹೊನ್ನಾಜಮ್ಮನ ಹೊಟ್ಟೇಲಿ ಕೆಂಡ ಸುರಿದಂಗಾಯ್ತಂತೆ.

ಮೂರ್ನೇ ಸಲ ತೇಪೆ. ಹತ್ತು ಊರಿನ ರೇಷ್ಮೆ ತರಿಸಿ ತೇಪೆ ಹಾಕಿಸಿ, ತೇಪೆ ಹಳೇದಾಗಿ ಕಾಣ್ಲಿ ಅಂತ ಅಂಟು ಬಳಿಸಿ, ಅಗಸರವ್ನ ಕೈಲಿ ಮೂರು ದಿನ ಕಲ್ಲಿಗೆ ಬಡಿಸಿದ್ಲಂತೆ. ಅದು ಮೆತ್ತಗಾಗೋ ಬದ್ಲು ಹಲಸಿನಕಾಯಿ ಸಿಪ್ಪೆ ಆಯ್ತು. ಈ ಸಲ ಮಗು ಮಿಠಾಯಿಗೂ ಬರ್ಲಿಲ್ಲ.

ಇಷ್ಟಕ್ಕೇ ಮುಗೀತಾ? ಇಲ್ಲ. ಒಂದಿನ ಅರಿಸಿನ ಕುಂಕುಮಕ್ಕೆ ಹೊನ್ನಾಜಮ್ಮ ಆ ಇಲಿ ಕಡಿದ ಸೀರೆ ಉಟ್ಕೊಂಡು ಹೋದ್ಲಂತೆ. ಪಟ್ಣದ ಸಾವ್ಕಾರ್ತೀರೆಲ್ಲಾ ಬಾಯ್ಬಿಟ್ಕೊಂಡು ನೋಡಿದ್ರಂತೆ. ಹೊನ್ನಾಜಮ್ಮ ಉಟ್ಟಿದ್ದಾಳೆ ಅಂದ್ಮೇಲೆ ಅದರಲ್ಲಿ ಏನೋ ಹೆಚ್ಚುಗಾರಿಕೆ ಇರ್ಲೇಬೇಕು ಅಂತ, ಮುಂದಿನ ವಾರ ಮುತ್ತಿನ ಶೆಟ್ಟಿ ಹೆಂಡ್ತಿ ಚೆಲುವಾಜಮ್ಮ ಇಪ್ಪತ್ತು ತೂತಿನ ಸೀರೆ ಉಟ್ಕೊಂಡು ಬಂದ್ಲು. ಮೂವತ್ತು ತೂತಿನೋಳು ಒಬ್ಳು ಬಂದ್ಲು. ಒಬ್ಬಳಂತೂ ಸೆರಗೇ ಇಲ್ದೆ ಬಂದು, ಮೂಲೇಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ಲಂತೆ. ನಿಮ್ಮತ್ತೆ ಮಗಳು ಮೊನ್ನೆ ಮಂಡಿ ಹರಿದ ಪ್ಯಾಂಟು ಹಾಕ್ಕೊಂಡು ಬಂದಿರ್ಲಿಲ್ವಾ, ಹೊಸದಂತೆ, ಅಷ್ಟು ದುಡ್ಡಂತೆ, ಹಂಗೇ. ನಾನು ಪಾಪ ಅಂತ ಸೂಜಿ ದಾರ ತಂದ್ರೆ ಹಲ್ಲು ಕಿಸೀತಾಳೆ.

ಚೆಲುವಾಜಮ್ಮನ ಇಪ್ಪತ್ತು ತೂತು ನೋಡಿದ್ಮೇಲೆ ಹೊನ್ನಾಜಮ್ಮ ಸುಮ್ನಿರ್ತಾಳಾ? ಮನೆಗೆ ಬಂದು, ಪೆಟ್ಟಿಗೆ ಪೆಟ್ಟಿಗೆ ತೆಗ್ದು, ಇದ್ದಬದ್ದ ಸೀರೆಗೆಲ್ಲಾ ಪರಪರ ಅಂತ ಕತ್ತರಿ ಹಾಕಿದ್ಲಂತೆ.

ದ್ಯಾವಕ್ಕ ಹಿತ್ತಲ ಬಾಗ್ಲಲ್ಲಿ ಮೊರ ಹಿಡ್ಕೊಂಡು ನಿಂತು ನೋಡಿದ್ಲಂತೆ. ಅವಳಿಗೇನು ಹೊಟ್ಟೆ ಇಲ್ವಾ, ಕಿಚ್ಚಿಲ್ವಾ? ಹುಟ್ಟಿದಾಗ್ಲಿಂದ ಅವಳು ಮೈಗೆ ಒಂದು ಹೊಸ ನೂಲು ಸೋಕಿಸಿರ್ಲಿಲ್ಲ. ಮದ್ವೇಲೂ ಅಕ್ಕನ ಸೀರೆ. ಹನ್ನೆರಡು ವರ್ಷದಿಂದ ದಿನಾ ಒಂದು ಹೊಸ ಸೀರೆ ಕಿಟಕೀಲಿ ನಿಲ್ಲೋದನ್ನ ನೋಡಿ, ಆ ಹೊಟ್ಟೆ ಉರೀನ ಎಲ್ಲಾ ಭತ್ತದ ಮೇಲೆ ಕುಟ್ಟಿದ್ಲು. ಈಗ ಆ ಸೀರೆಗಳನ್ನೇ ಹರಿದು ಹಾಕ್ತಿದ್ದಾಳೆ! ಅದರ ಮೇಲೆ ಒಂದಿನ ಚೆಲುವಾಜಮ್ಮ ಹಿತ್ತಲಿಗೆ ಬಂದೋಳು ದ್ಯಾವಕ್ಕನ್ನ ಮೇಲಿಂದ ಕೆಳಗೆ ನೋಡಿ, ಅಯ್ಯೋ, ಇವಳ ತೂತು ಸರಿಯಾದ ಜಾಗದಲ್ಲಿ ಬಿದ್ದಿಲ್ಲ, ತೇಪೆಗೆ ಒಂದು ಅಂದ ಇಲ್ಲ, ಬಡವ್ರಿಗೆ ಹರಕು ಉಡೋಕೂ ಬರಲ್ಲ ನೋಡಿ ಅಂದ್ಲಂತೆ. ದ್ಯಾವಕ್ಕಂಗೆ ಕಣ್ಣಲ್ಲಿ ನೀರು ಬಂದ್ಬಿಡ್ತಂತೆ. ಇದ್ದದ್ದು ಇದೊಂದು, ಇದನ್ನೂ ಬಿಡ್ಲಿಲ್ವಲ್ಲಾ ಇವ್ರು ಅಂತ.

ಇದೆಲ್ಲಾ ನಡೀತಿರೋವಾಗ್ಲೇ ದೇವ್ರು ಕಣ್ಬಿಟ್ಟ. ಹೊನ್ನಾಜಮ್ಮ ಬಸುರಾದ್ಲು. ಒಂಬತ್ತು ತಿಂಗ್ಳು ತುಂಬಿ ಒಂದು ಬೆಳಿಗ್ಗೆ ಹೆಣ್ಣು ಮಗು ಹುಟ್ತು. ಸೂಲಗಿತ್ತಿ ಮಗೂಗೆ ನೀರು ಹಾಕಿ, ತನ್ನಿ ಅಮ್ಮಾ, ಹಳೇ ಬಟ್ಟೆ ತನ್ನಿ ಅಂದ್ಲಂತೆ. ಹಸುಗೂಸಿಗೆ ಹೊಸದು ಹಾಕ್ಬಾರ್ದು ಅಂತ ಅವಾಗ್ಲಿಂದ ಇದೆಯಲ್ಲ, ನಿನ್ನನ್ನೂ ನನ್ನ ಹಳೇ ವಾಯಿಲ್ ಸೀರೇಲೇ ಸುತ್ತಿದ್ದು.

ಹಳೇದಾ, ನನ್ಮನೇಲಿ ಹಳೇದಕ್ಕೇನು ಬರ ಅಂತ ಹೊನ್ನಾಜಮ್ಮ ಜಂಬದಿಂದ ಪೆಟ್ಟಿಗೆ ತೆಗೆಸಿದ್ಲಂತೆ. ಕೆಸರು ಬಣ್ಣದ್ದು ಹಾಕಿದ್ರು, ಮಗು ತಣ್ಣಗಾಗಿ ನಡುಗ್ತು. ಇಲಿ ಕಡಿದಿದ್ದು ಹಾಕಿದ್ರು, ಚಿನ್ನದ ನೂಲು ಬೆನ್ನಿಗೆ ಗೀರ್ತು. ತೇಪೇದು ಹಾಕಿದ್ರು, ಮೈಯೆಲ್ಲಾ ಕೆಂಪು ಗಂಧೆ ಎದ್ದು, ಹಾಲು ಕುಡೀದೆ, ಉಸಿರು ಕಟ್ಟಿ ಅಳೋಕೆ ಶುರು ಮಾಡ್ತು. ಸಂಜೆಯಾದ್ರೂ ನಿಲ್ಲಿಸ್ಲಿಲ್ಲ. ಸೂಲಗಿತ್ತಿ ತಲೆ ಚಚ್ಕೊಂಡ್ಲು. ಇವು ಹಳೇದಲ್ಲ ಕಣಮ್ಮ, ಹಳೇದರ ವೇಷ. ಈ ಕೂಸು ಉಳೀಬೇಕಾದ್ರೆ, ಹೆತ್ತ ಮಕ್ಳನ್ನೆಲ್ಲಾ ಉಳಿಸ್ಕೊಂಡಿರೋ ಮುತ್ತೈದೆ ಉಟ್ಟು ಸವೆಸಿದ ನೂಲಿನ ಸೀರೆ ಬೇಕು. ಈ ಕೇರೀಲಿ ಅಂಥೋಳು ಒಬ್ಳೇ, ನಿಮ್ಮ ಹಿತ್ತಲಲ್ಲಿ ಕುಟ್ತಿದ್ದಾಳೆ ಅಂದ್ಲಂತೆ.

ಹೊನ್ನಾಜಮ್ಮ ಮುಖ ಗೋಡೆ ಕಡೆ ತಿರುಗ್ಸಿದ್ಲಂತೆ. ಕಂಡೋರ ಮಕ್ಳು ಹೋದ್ರೆ ಹೋಗ್ಲಿ, ನನ್ನ ಹೊಟ್ಟೇಲಿ ಹುಟ್ಟಿದ್ದೂ ಅವಳ ಸೆರಗಿಗೇ ಹೋಗ್ಬೇಕಾ ಅಂತ. ಆದ್ರೆ ಮಗು ದನಿ ಕುಂದ್ತಾ ಬಂತು. ಅದನ್ನ ಕೇಳಿದ್ಮೇಲೆ ಯಾವ ಕಿಚ್ಚು ನಿಲ್ಲುತ್ತೆ, ಹೇಳು? ಬಾಣಂತಿ ಗೋಡೆ ಹಿಡ್ಕೊಂಡು ಹಿತ್ತಲಿಗೆ ನಡ್ಕೊಂಡು ಹೋದ್ಲು. ದ್ಯಾವಕ್ಕಾ, ನಿನ್ನ ಸೀರೆ ಕೊಡು ಅಂದ್ಲು.

ದ್ಯಾವಕ್ಕ ಒನಕೆ ಇಟ್ಲು. ಕೊಡ್ತೀನಿ ಅಮ್ಮಾರೆ, ನಾನೇನು ಉಡ್ಲಿ?

ಈ ಪೆಟ್ಟಿಗೆ ಎಲ್ಲಾ ನಿಂದೇ, ತಗೋ.

ಅದು ಬ್ಯಾಡಿ. ಹರಕು ಉಟ್ಟು ಉಟ್ಟು ಸಾಕಾಗಿದೆ ನಂಗೆ. ಒಂದು ಹೊಸದು ಕೊಡಿ, ತೂತಿಲ್ದೇ ಇರೋದು. ಒಂದೇ ಒಂದು.

ಹುಡುಕಿದ್ರಂತೆ ಕಣೇ, ಮನೆಯೆಲ್ಲಾ ಜಾಲಾಡಿದ್ರಂತೆ. ರೇಷ್ಮೆ ಶೆಟ್ಟಿ ಮನೇಲಿ ಇಡೀ ಸೀರೆ ಒಂದೂ ಇಲ್ಲ! ಎಲ್ಲಾದಕ್ಕೂ ಕತ್ತರಿ. ಅಂಗಡೀಲಿದ್ದ ಹೊಸದನ್ನೆಲ್ಲಾ ಸಾವ್ಕಾರ್ತೀರು ತೂತು ಮಾಡ್ಸೋಕೇ ಅಂತ ಕೊಂಡ್ಕೊಂಡು ಹೋಗಿದ್ರು. ಕೊನೆಗೆ ಕಟ್ಟಕಡೇ ಪೆಟ್ಟಿಗೆ ತಳದಲ್ಲಿ ಅವಳ ಧಾರೆ ಸೀರೆ ಸಿಕ್ತಂತೆ. ಅದಕ್ಕೆ ಮಾತ್ರ ಕತ್ತರಿ ಹಾಕೋಕೆ ಅವಳಿಗೂ ಕೈ ಬಂದಿರ್ಲಿಲ್ಲ. ಕುಂಕುಮದಂಥ ಕೆಂಪು, ಅಂಗೈ ಅಗಲ ಅಂಚು. ಹೊನ್ನಾಜಮ್ಮ ಅದನ್ನ ಎದೆಗೊತ್ಕೊಂಡು ಒಂದು ಗಳಿಗೆ ಅತ್ತು, ಅರಿಸಿನ ಕುಂಕುಮ ಇಟ್ಟು, ಎರಡೂ ಕೈಯಲ್ಲಿ ದ್ಯಾವಕ್ಕಂಗೆ ಕೊಟ್ಲಂತೆ.

ದ್ಯಾವಕ್ಕ ಕೋಣೆಗೆ ಹೋಗಿ ಉಟ್ಕೊಂಡು, ಹಳೇದನ್ನ ಮಡಿಸಿ ತಂದ್ಲು. ಸೂಲಗಿತ್ತಿ ಮಗೂನ ಅದರಲ್ಲಿ ಸುತ್ತಿದ್ಲು. ಮಗು ಒಂದ್ಸಲ ಬಿಕ್ಕಿ, ಎರಡು ಸಲ ಬಾಯಿ ಚಪ್ಪರಿಸಿ, ಹಾಲಿಗೆ ಬಾಯಿ ಹಾಕ್ತು. ಕುಡೀತಾ ಕುಡೀತಾ ಅಮ್ಮನ ತೊಡೆ ಮೇಲೇ ಮಲಗ್ಬಿಡ್ತು.

ಆವಾಗ ಹೊನ್ನಾಜಮ್ಮ ತಲೆ ಎತ್ತಿ ನೋಡಿದ್ರೆ, ಬಾಗ್ಲಲ್ಲಿ ಕೆಂಪು ಸೀರೆ ಉಟ್ಟು ನಿಂತಿದ್ದಾಳೆ ದ್ಯಾವಕ್ಕ. ಲಕ್ಷ್ಮಿ ಬಂದು ನಿಂತಂಗೆ. ಧಾರೆ ದಿನ ಹೊನ್ನಾಜಮ್ಮನೂ ಅಷ್ಟು ಚೆಂದ ಕಂಡಿರ್ಲಿಲ್ವಂತೆ.

ನಿನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೇ ದ್ಯಾವಕ್ಕ ಅಂದ್ಲಂತೆ.

ದ್ಯಾವಕ್ಕ ಅಂಚು ನೇವರಿಸ್ಕೋತಾ, ನಿಮಗೆ ಇವತ್ತು ಉರೀತಾ ಅಮ್ಮಾರೆ? ನಂಗೆ ಹನ್ನೆರಡು ವರ್ಷದಿಂದ ಉರೀತಿದೆ ಅಂದ್ಲಂತೆ.

ಇಬ್ರೂ ಮುಖ ಮುಖ ನೋಡ್ಕೊಂಡ್ರು. ಮಗು ಎದ್ದುಬಿಡುತ್ತೆ ಅಂತ ಬಾಯಿಗೆ ಸೆರಗು ಮುಚ್ಕೊಂಡು, ಕಣ್ಣಲ್ಲಿ ನೀರು ಬರೋವಷ್ಟು ನಕ್ಕರಂತೆ.

ಆ ಮಗು ಗುಂಡುಗುಂಡಾಗಿ ಬೆಳೀತಂತೆ, ದ್ಯಾವಕ್ಕಂಗೆ ಆ ಮನೆಯಿಂದ ವರ್ಷವರ್ಷ ಗೌರಿ ಹಬ್ಬಕ್ಕೆ ಒಂದು ಇಡೀ ಸೀರೆ ಬಂತಂತೆ, ಅವರಿಬ್ರೂ ಸಾಯೋತನಕ ಒಬ್ರನ್ನೊಬ್ರು ನೋಡಿ ಕರುಬ್ತಾ, ಎಲೆ ಅಡಿಕೆ ಹಾಕ್ಕೋತಾ ಚೆನ್ನಾಗಿದ್ರಂತೆ. ಅವ್ರು ಅಲ್ಲಿ ಚೆನ್ನಾಗಿದ್ರು, ನಾವು ಇಲ್ಲಿ ಮಂಡಿ ನೋವಲ್ಲಿದೀವಿ. ಕತೆ ಮುಗೀತು, ಆ ಕಡೆ ಮಗ್ಗುಲಾಗು.