ಗಂಡು ಮಾಡುವ ಮೇವು

"ಮರಿಗಳಿಗೆ ಮೇವು ಹಾಕೋ ಹೊತ್ತಿಗೇ ಮತ್ತೆ ವಕ್ಕರಿಸಿದರಲ್ಲಪ್ಪ!" ಎಂದು ಮೀನು ಫಾರಂನ ಚಿಕ್ಕತಾಯಮ್ಮ ಗೊಣಗಿದಳು. ಮಾಲೀಕನ ಮಾವ ಕರೀಗೌಡರು ಬಸುರಿ ಸೊಸೆಯ ಜೊತೆ ಬಂದಿದ್ದರು.

"ತಿಲಾಪಿಯಾ ಮೀನಿನ ಮರಿಗಳನ್ನೆಲ್ಲ ಗಂಡು ಮಾಡೋ ಮೇವು ಕೊಡು. ಇವಳಿಗೆ ತಿನ್ನಿಸಬೇಕು. ಕೊಡದಿದ್ದರೆ ನಾಳೆಯಿಂದ ನಿನಗೆ ಕೆಲಸವಿಲ್ಲ."

ಕೆಲಸ ಹೋದರೂ ಸರಿ, ಹಾರ್ಮೋನು ಔಷಧ ಬೆರೆಸಿದ ಆ ಮೇವು ಬಸುರಿಯ ಬಾಯಿಗೆ ಬೀಳಬಾರದು ಎಂದುಕೊಂಡಳು ಚಿಕ್ಕತಾಯಮ್ಮ.

"ಅದಕ್ಕೇನು ಗೌಡ್ರೇ. ಆದರೆ ಕೊಳದಲ್ಲಿ ಮರಿ ಹುಟ್ಟಬಾರದು ಅಂತಲೇ ನಾವು ಎಲ್ಲವನ್ನೂ ಗಂಡು ಮಾಡೋದು. ಇದನ್ನು ತಿಂದವು ವಂಶ ಬೆಳೆಸಲ್ಲ, ಮೈ ಬೆಳೆಸಿಕೊಂಡು ಸಾರಿಗೆ ಹೋಗ್ತವೆ. ಎಷ್ಟು ಕೆಜಿ ಕಟ್ಟಲಿ?"

ಗೌಡರು ಮೇವಿನ ಚೀಲ ಮುಟ್ಟಿದ್ದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಕಾರಿನತ್ತ ದೌಡಾಯಿಸಿದರು.

ಹಿಂದೆ ಉಳಿದ ಸೊಸೆ ಚಿಕ್ಕತಾಯಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಕ್ಕಾ, ನಮ್ಮ ಮಾವನ ಬುದ್ಧಿ ಬದಲಾಯಿಸೋ ಮೇವು ಇದೆಯಾ?"